ಶ್ರುತಸೇವಾನಿರತ ಡಾ. ಆದಿನಾಥ ನೇಮಿನಾಥ ಉಪಾಧ್ಯೆ

ದೇವ, ಶಾಸ್ತ್ರ, ಗುರು ಎಂಬ ಮೂರನ್ನು ಜೈನ ಶ್ರಾವಕನು ನಿತ್ಯವೂ ಒಟ್ಟಿಗೆ ಪೂಜಿಸುತ್ತಾನೆ. ದೇವನಿಗೆ ಬಸದಿಯು ಆಲಯವಾಗುತ್ತದೆ. ಪಂಚಕಲ್ಯಾಣ ವಿಧಿಯಿಂದ ಬಿಂಬದಲ್ಲಿ ಪೂಜ್ಯತೆಯು ನೆಲೆಗೊಳ್ಳುತ್ತದೆ. ಗುರುವಿಗೆ ಚಾರಿತ್ರವೇ ಆಲಯ. ಶಾಸ್ತ್ರಕ್ಕೆ ಮಾತ್ರ ಕಲ್ಲಿನ ಗೋಡೆಯೂ ರೇಷ್ಮೆಯ ವೇಷ್ಟನವೂ ಸಾಲವು. ಅದನ್ನು ಅರಿತು ಓದುವವರು ಇಲ್ಲದಿದ್ದರೆ, ಎಷ್ಟು ಅರ್ಘ್ಯವನ್ನೆತ್ತಿದರೂ ಜಿನವಾಣಿಯು ಮೌನವಾಗಿಯೇ ಉಳಿಯುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಮೌನವನ್ನು ಮುರಿಯಲು ಬಾಳನ್ನೇ ಮೀಸಲಿಟ್ಟ ಕೆಲವೇ ಮಹನೀಯರಲ್ಲಿ ಕನ್ನಡ ನಾಡಿನ ಸುಪುತ್ರರಾದ ಡಾ. ಆ. ನೇ. ಉಪಾಧ್ಯೆಯವರು ಅಗ್ರಗಣ್ಯರು. ಪ್ರಾಚೀನ ಆಗಮವನ್ನು ಅದು ಹುಟ್ಟಿದ ಕಾಲ, ದೇಶ, ಭಾಷೆ, ಸಂಘಗಳ ಹಿನ್ನೆಲೆಯಲ್ಲಿಟ್ಟು ಅರ್ಥಮಾಡಿಕೊಳ್ಳಬೇಕು, ಹಾಗೆ ಮಾಡುವುದು ಶ್ರದ್ಧೆಗೆ ವಿರೋಧವಲ್ಲ, ಅದು ಜ್ಞಾನವಿನಯದ ಒಂದು ರೂಪ ಎಂಬುದನ್ನು ಅವರು ತಮ್ಮ ಕೃತಿಗಳಿಂದಲೇ ತೋರಿಸಿಕೊಟ್ಟರು.

ಜನನ ಮತ್ತು ವಿದ್ಯಾಭ್ಯಾಸ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯಲ್ಲಿ ದೂಧಗಂಗಾ ನದಿಯ ಬಳಿ ಸದಲಗಾ ಎಂಬ ಊರಿದೆ. ಮುಂದೆ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರ ಜನ್ಮಭೂಮಿಯೆಂದು ದೇಶಕ್ಕೆಲ್ಲ ಪರಿಚಿತವಾದ ಆ ಊರಿನಲ್ಲಿಯೇ ೧೯೦೬ರ ಫೆಬ್ರವರಿ ೬ರಂದು ಆದಿನಾಥರು ಜನಿಸಿದರು. ಉಪಾಧ್ಯೆ ಎಂಬುದು ಆ ಭಾಗದಲ್ಲಿ ಜಿನಮಂದಿರಗಳ ಪೂಜಾವಿಧಿಗಳನ್ನು ನಡೆಸಿಕೊಂಡು ಬಂದ ಮನೆತನಗಳ ಹೆಸರು. ಕನ್ನಡ ಮರಾಠಿಗಳೆರಡೂ ಹಾಸುಹೊಕ್ಕಾದ ಗಡಿನಾಡಿನ ಬಾಳು ಅವರಿಗೆ ಎಳವೆಯಲ್ಲಿಯೇ ಭಾಷೆಗಳ ಒಲವನ್ನು ತಂದಿತ್ತಿತು. ಬೆಳಗಾವಿಯಲ್ಲಿ ಪ್ರೌಢ ವಿದ್ಯಾಭ್ಯಾಸವನ್ನು ಮುಗಿಸಿ, ಮುಂಬಯಿ ವಿಶ್ವವಿದ್ಯಾನಿಲಯದಿಂದ ಪದವಿಯನ್ನು ಪಡೆದು, ೧೯೩೦ರಲ್ಲಿ ಸಂಸ್ಕೃತ ಪ್ರಾಕೃತಗಳಲ್ಲಿ ಎಂ.ಎ. ಪದವೀಧರರಾದರು. ಡಾ. ಪ. ಲ. ವೈದ್ಯರಂತಹ ಪ್ರಾಕೃತ ವಿದ್ವಾಂಸರ ಮಾರ್ಗದರ್ಶನವೂ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಸಂಪರ್ಕವೂ ಅವರ ಬುದ್ಧಿಗೆ ಸಾಣೆ ಹಿಡಿದವು. ಅದೇ ೧೯೩೦ರಲ್ಲಿ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ಸೇರಿದರು. ೧೯೬೨ರವರೆಗೆ, ಮೂವತ್ತೆರಡು ವರ್ಷಗಳ ಕಾಲ, ಅಲ್ಲಿಯೇ ಸೇವೆ ಸಲ್ಲಿಸಿದರು. ಮುಂಬಯಿ ವಿಶ್ವವಿದ್ಯಾನಿಲಯದ ಡಿ.ಲಿಟ್. ಪದವಿಯು ಅವರ ಸಂಶೋಧನೆಗೆ ಸಂದ ಗೌರವ.

ಆ ಕಾಲದ ಪರಿಸ್ಥಿತಿ

ಉಪಾಧ್ಯೆಯವರು ಕಾರ್ಯಾರಂಭ ಮಾಡಿದ ಕಾಲದ ಸ್ಥಿತಿಯನ್ನು ನೆನೆಯದೆ ಅವರ ಸಾಧನೆಯ ತೂಕ ತಿಳಿಯದು. ದಿಗಂಬರ ಪರಂಪರೆಯ ಮೂಲ ಸಿದ್ಧಾಂತವಾದ ಷಟ್ಖಂಡಾಗಮ, ವೀರಸೇನಾಚಾರ್ಯರು ೮೧೬ರಲ್ಲಿ ಮುಗಿಸಿದ ಧವಳಾ ಟೀಕೆಯೊಡನೆ, ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಯ ಗರಿಗಳಲ್ಲಿ ಅಡಗಿತ್ತು. ಯಾತ್ರಿಕರು ದೂರದಿಂದ ಬಂದು ಅದರ ದರ್ಶನ ಮಾಡಿ ಧನ್ಯರಾಗಿ ಮರಳುತ್ತಿದ್ದರು, ಓದಬಲ್ಲವರು ಬೆರಳೆಣಿಕೆಯಷ್ಟು. ಸಿದ್ಧಾಂತ ಗ್ರಂಥವನ್ನು ಗೃಹಸ್ಥರು ಓದಕೂಡದು, ಶಾಸ್ತ್ರವನ್ನು ಮುದ್ರಿಸಿದರೆ ಅವಿನಯವಾಗುತ್ತದೆ ಎಂಬ ಭಾವನೆಯು ಸಮಾಜದಲ್ಲಿ ಬಲವಾಗಿತ್ತು. ಇನ್ನೊಂದು ಕಡೆ, ಪಾಶ್ಚಾತ್ಯ ವಿದ್ವಾಂಸರಿಗೆ ಮೊದಲು ದೊರೆತದ್ದು ಶ್ವೇತಾಂಬರ ಆಗಮಗಳು. ದಕ್ಷಿಣದ ಭಂಡಾರಗಳಲ್ಲಿ ಕನ್ನಡ ಲಿಪಿಯಲ್ಲಿ ಉಳಿದಿದ್ದ ಪ್ರಾಕೃತ ವಾಙ್ಮಯವು ಅವರ ದೃಷ್ಟಿಗೆ ಅಷ್ಟಾಗಿ ಬಿದ್ದಿರಲಿಲ್ಲ. ಹೀಗಾಗಿ ಮನೆಯವರು ಪೂಜಿಸುತ್ತಿದ್ದರು, ಹೊರಗಿನವರು ಅರಿಯರು. ಎರಡರಿಂದಲೂ ಜಿನವಾಣಿಗೆ ನಷ್ಟವೇ ಆಗುತ್ತಿತ್ತು.

ಡಾ. ಹೀರಾಲಾಲ ಜೈನರು ೧೯೩೯ರಿಂದ ಧವಳಾ ಸಂಪುಟಗಳನ್ನು ಪ್ರಕಟಿಸಲು ಮುಂದಾದಾಗ ಉಪಾಧ್ಯೆಯವರು ಅವರಿಗೆ ಸಹಕಾರಿಯಾಗಿ ನಿಂತರು. ಹದಿನಾರು ಸಂಪುಟಗಳ ಆ ಮಹಾಕಾರ್ಯವು ಸುಮಾರು ಎರಡು ದಶಕಗಳಲ್ಲಿ ಪೂರ್ಣಗೊಂಡಿತು. ಈ ಇಬ್ಬರು ವಿದ್ವನ್ಮಿತ್ರರ ಜೋಡಿಯು ಮುಂದೆ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಗೂ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಗೂ ಸಂಪಾದಕತ್ವವನ್ನು ವಹಿಸಿ ನೂರಾರು ವರ್ಷ ಕತ್ತಲೆಯಲ್ಲಿದ್ದ ಗ್ರಂಥಗಳನ್ನು ಬೆಳಕಿಗೆ ತಂದಿತು.

ಪ್ರವಚನಸಾರದ ಸಂಪಾದನೆ

೧೯೩೫ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಉಪಾಧ್ಯೆಯವರು ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಮುಂಬಯಿಯ ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ ಪ್ರಕಟಿಸಿದರು. ಮೂಲ ಗಾಥೆಗಳು, ಅಮೃತಚಂದ್ರ ಮತ್ತು ಜಯಸೇನರ ಸಂಸ್ಕೃತ ಟೀಕೆಗಳು, ಇಂಗ್ಲಿಷ್ ಅನುವಾದ, ಅದರ ಮುಂದೆ ನೂರು ಪುಟಗಳನ್ನು ಮೀರಿದ ಪ್ರಸ್ತಾವನೆ: ಇದು ಆ ಆವೃತ್ತಿಯ ಸ್ವರೂಪ. ಕರ್ನಾಟಕದ ಶಾಸನಗಳಲ್ಲಿ ಮುನಿಪರಂಪರೆಗಳು ತಮ್ಮನ್ನು ಕೊಂಡಕುಂದಾನ್ವಯದವೆಂದು ಹೇಳಿಕೊಂಡಿರುವುದು ಸರ್ವವಿದಿತ. ಅಂತಹ ಪರಮಪೂಜ್ಯ ಆಚಾರ್ಯರ ಕೃತಿಯ ಮುಂದೆ ನಿಂತು, ಇವರು ಯಾವ ಕಾಲದವರು, ಯಾವ ಊರಿನವರು, ಈ ಗಾಥೆಗಳ ಭಾಷೆ ಯಾವುದು ಎಂದು ಕೇಳುವ ಧೈರ್ಯವನ್ನು ಅವರು ಮಾಡಿದರು.

ಕುಂದಕುಂದರಿಗೆ ಪದ್ಮನಂದಿ, ವಕ್ರಗ್ರೀವ, ಏಲಾಚಾರ್ಯ, ಗೃಧ್ರಪಿಂಛ ಎಂಬ ನಾಮಾಂತರಗಳಿದ್ದುವೆಂಬ ನಂಬಿಕೆ ಪ್ರಚಾರದಲ್ಲಿತ್ತು. ಉಪಾಧ್ಯೆಯವರು ಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದರು. ಐದು ಹೆಸರುಗಳನ್ನೂ ಒಟ್ಟಿಗೆ ಹೇಳುವ ವಿಜಯನಗರದ ಶಾಸನವು ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದ್ದು. ಅದಕ್ಕಿಂತ ಹಳೆಯ ಶ್ರವಣಬೆಳಗೊಳದ ಶಾಸನಗಳಲ್ಲಿ ಗೃಧ್ರಪಿಂಛವೆಂಬುದು ಉಮಾಸ್ವಾತಿಗಳ ಹೆಸರಾಗಿದೆ. ಪದ್ಮನಂದಿ ಎಂಬ ಹೆಸರಿಗೆ ಆಧಾರವು ದೃಢವಾಗಿದೆ. ಕೊಂಡಕುಂದ ಎಂಬುದು ಊರಿನಿಂದ ಬಂದ ಹೆಸರು. ಆ ಊರು ಇಂದಿನ ಅನಂತಪುರ ಜಿಲ್ಲೆಯ, ಗುಂತಕಲ್ಲಿನ ಸಮೀಪದ ಕೊನಕೊಂಡ್ಲ ಎಂದು ಗುರುತಿಸಲಾಗಿದೆ. ಆಚಾರ್ಯರ ಕಾಲವನ್ನು ಕ್ರಿಸ್ತಶಕದ ಆರಂಭಕ್ಕೆ ಇಡಬಹುದೆಂದು ಅವರು ನಿರ್ಣಯಿಸಿದರು. ಅನಂತರದ ಕೆಲವು ವಿದ್ವಾಂಸರು ಇದನ್ನು ಒಪ್ಪದೆ ಶತಮಾನಗಳಷ್ಟು ಈಚೆಗೆ ತಂದಿದ್ದಾರೆ; ಚರ್ಚೆ ಮುಗಿದಿಲ್ಲ. ಆದರೆ ಚರ್ಚೆಯು ನಡೆಯಬೇಕಾದ ದಾರಿಯನ್ನು ಹಾಕಿಕೊಟ್ಟವರು ಉಪಾಧ್ಯೆಯವರು.

ಇದಕ್ಕಿಂತಲೂ ಸೂಕ್ಷ್ಮವಾದುದು ಪಾಠದ ಪ್ರಶ್ನೆ. ಹತ್ತನೆಯ ಶತಮಾನದ ಅಮೃತಚಂದ್ರರು ವ್ಯಾಖ್ಯಾನಿಸಿದ ಪ್ರವಚನಸಾರದಲ್ಲಿ ೨೭೫ ಗಾಥೆಗಳಿವೆ. ಅವರಿಗಿಂತ ಈಚಿನವರಾದ ಜಯಸೇನರ ಪಾಠದಲ್ಲಿ ೩೧೧. ಹೆಚ್ಚಿಗೆ ಇರುವ ಗಾಥೆಗಳಲ್ಲಿ ಕೆಲವು ಸ್ತುತಿರೂಪದವು. ಇನ್ನು ಕೆಲವು ಸ್ತ್ರೀಯರಿಗೆ ಆ ಭವದಲ್ಲಿಯೇ ಮೋಕ್ಷವಿಲ್ಲವೆಂಬ ವಿಚಾರವನ್ನು ಕುರಿತವು. ಎರಡು ಸಂಪ್ರದಾಯಗಳ ನಡುವೆ ಶತಮಾನಗಳಿಂದ ವಾದಕ್ಕೆ ಕಾರಣವಾಗಿದ್ದ ವಿಷಯವಿದು. ಈ ಗಾಥೆಗಳು ಹಳೆಯ ಟೀಕಾಕಾರರಲ್ಲಿ ಇಲ್ಲವೆಂಬ ಸಂಗತಿಯನ್ನು ಮುಚ್ಚಿಡುವುದು ಸುಲಭವಾಗಿತ್ತು. ಅವನ್ನು ಕಿತ್ತೆಸೆಯುವುದೂ ಸುಲಭವಾಗಿತ್ತು. ಅವರು ಎರಡನ್ನೂ ಮಾಡಲಿಲ್ಲ. ಎರಡು ಪಾಠಗಳನ್ನೂ ಓದುಗರ ಮುಂದಿಟ್ಟು, ಯಾವುದು ಯಾರಲ್ಲಿದೆ, ಯಾರಲ್ಲಿಲ್ಲ ಎಂಬುದನ್ನು ತಿಳಿಸಿದರು. ಮೂಲಗ್ರಂಥವೆಂಬುದು ಬೇರೆ, ಸಾವಿರ ವರ್ಷದ ಬಳಿಕ ತಮ್ಮ ಕಾಲದ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಟೀಕೆಯೆಂಬುದು ಬೇರೆ. ಎರಡಕ್ಕೂ ಗೌರವ ಸಲ್ಲಬೇಕು, ಆದರೆ ಒಂದನ್ನು ಇನ್ನೊಂದೆಂದು ಭಾವಿಸಬಾರದು ಎಂಬ ವಿವೇಕವು ಆ ಆವೃತ್ತಿಯ ಪುಟಪುಟದಲ್ಲಿಯೂ ಕಾಣುತ್ತದೆ.

ಅದೇ ಪ್ರಸ್ತಾವನೆಯಲ್ಲಿ ಅವರು ಇನ್ನೊಂದು ದೊಡ್ಡ ವಿಚಾರವನ್ನು ಮಂಡಿಸಿದರು. ಜೈನಧರ್ಮವು ವೈದಿಕ ಯಜ್ಞಮಾರ್ಗದ ವಿರುದ್ಧ ಎದ್ದ ಒಂದು ಪ್ರತಿಭಟನೆ ಮಾತ್ರ ಎಂಬ ಅಭಿಪ್ರಾಯವು ಆಗ ಪಠ್ಯಪುಸ್ತಕಗಳಲ್ಲಿಯೂ ಹರಡಿತ್ತು. ಜೈನ, ಸಾಂಖ್ಯ, ಬೌದ್ಧ, ಆಜೀವಕ ಮತಗಳಲ್ಲಿ ಸಮಾನವಾಗಿರುವ ಅಂಶಗಳನ್ನು ಉಪಾಧ್ಯೆಯವರು ಪರಿಶೀಲಿಸಿದರು. ಆರ್ಯರು ಗಂಗಾತೀರದ ಪೂರ್ವಭಾಗಕ್ಕೆ ಬರುವ ಮುನ್ನವೇ ಅಲ್ಲಿ ತಪಸ್ಸು, ಕರ್ಮ, ಪುನರ್ಜನ್ಮಗಳನ್ನು ನಂಬಿದ ಒಂದು ಧಾರ್ಮಿಕ ಪ್ರವಾಹವಿದ್ದಿರಬೇಕು, ಈ ದರ್ಶನಗಳೆಲ್ಲ ಅದರ ಸಂತಾನಗಳು ಎಂದು ಊಹಿಸಿ, ಅದಕ್ಕೆ ಮಗಧದ ಧರ್ಮವೆಂದು ಹೆಸರಿಟ್ಟರು. ಇದು ಊಹೆಯೆಂಬುದನ್ನು ಅರಿತೇ ಅವರು ಹೇಳಿದರು. ಆದರೂ ಆಗಮಗಳನ್ನು ಅವುಗಳ ನೆಲದ ಮೇಲೆ ನಿಲ್ಲಿಸಿ ನೋಡಿದರೆ ಎಷ್ಟು ಹೊಸ ಬೆಳಕು ಬೀಳುತ್ತದೆಂಬುದಕ್ಕೆ ಇದು ನಿದರ್ಶನವಾಯಿತು.

ಒಂದು ಹೆಸರಿನ ಕಥೆ, ಒಂದು ಬಂಡೆಯ ಕಥೆ

೧೯೩೭ರಲ್ಲಿ ಅವರು ಅಪಭ್ರಂಶ ಭಾಷೆಯ ಪರಮಾತ್ಮಪ್ರಕಾಶವನ್ನು ಸಂಪಾದಿಸಿದರು. ಅದರ ಕರ್ತೃವನ್ನು ಯೋಗೀಂದ್ರದೇವನೆಂದು ಎಲ್ಲರೂ ಕರೆಯುತ್ತಿದ್ದರು. ಮೂಲದಲ್ಲಿರುವ ಹೆಸರು ಜೋಇಂದು. ಅಪಭ್ರಂಶದ ಧ್ವನಿನಿಯಮದಂತೆ ಇದಕ್ಕೆ ಸರಿಯಾದ ಸಂಸ್ಕೃತ ರೂಪ ಯೋಗೀಂದು, ಅಂದರೆ ಯೋಗಿಗಳಲ್ಲಿ ಚಂದ್ರನಂತಿರುವವನು. ಯೋಗೀಂದ್ರ ಎಂಬುದು ಈಚಿನ ಸಂಸ್ಕೃತಜ್ಞರು ಮಾಡಿಕೊಂಡ ರೂಪ ಎಂದು ಅವರು ತೋರಿಸಿದರು. ಒಂದು ಅಕ್ಷರದ ವ್ಯತ್ಯಾಸವೆಂದು ಇದನ್ನು ಕಡೆಗಣಿಸಲಾಗದು. ಪ್ರಾಕೃತವನ್ನು ಪ್ರಾಕೃತವಾಗಿಯೇ ಓದದೆ ಸಂಸ್ಕೃತದ ಛಾಯೆಯ ಮೂಲಕ ಓದಿದಾಗ ಗ್ರಂಥಕರ್ತನ ಹೆಸರೇ ಮರೆಯಾಗುವುದಾದರೆ, ಅವನ ಅಭಿಪ್ರಾಯವು ಎಷ್ಟು ಮರೆಯಾಗಬಹುದು ಎಂಬ ಎಚ್ಚರಿಕೆ ಇದರಲ್ಲಿದೆ.

ಮರುವರ್ಷ, ೧೯೩೮ರಲ್ಲಿ, ಮಾಣಿಕಚಂದ್ರ ಗ್ರಂಥಮಾಲೆಯಲ್ಲಿ ವರಾಂಗಚರಿತವು ಹೊರಬಂದಿತು. ಈ ಕಾವ್ಯವನ್ನು ಪದ್ಮಚರಿತದ ಕವಿಯಾದ ರವಿಷೇಣನದೆಂದು ಊಹಿಸಲಾಗಿತ್ತು. ಉಪಾಧ್ಯೆಯವರು ಕನ್ನಡ ಲಿಪಿಯ ತಾಳೆಯೋಲೆಯ ಪ್ರತಿಯನ್ನು ಕೊಲ್ಹಾಪುರದ ಲಕ್ಷ್ಮೀಸೇನ ಮಠದಲ್ಲಿ ಪತ್ತೆಮಾಡಿ, ಅದು ಜಟಾಸಿಂಹನಂದಿ ಆಚಾರ್ಯರ ಕೃತಿಯೆಂದು ಸ್ಥಾಪಿಸಿದರು. ಅವರಿಗೆ ನೆರವಾದದ್ದು ಕನ್ನಡ ಸಾಹಿತ್ಯ. ಕನ್ನಡದ ಪ್ರಾಚೀನ ಕವಿಗಳು ಜಟಾಚಾರ್ಯರನ್ನು ಸ್ಮರಿಸಿದ್ದಾರೆ. ಚಾವುಂಡರಾಯನ ಪುರಾಣದಲ್ಲಿಯೂ ಅವರ ಉಲ್ಲೇಖವಿದೆ. ಕೊಪ್ಪಳದ ಬೆಟ್ಟದ ಬಂಡೆಯ ಮೇಲೆ ಪಾದಚಿಹ್ನೆಗಳ ಬಳಿ ಜಟಾಸಿಂಗನಂದಿ ಆಚಾರ್ಯರ ಹೆಸರುಳ್ಳ ಕನ್ನಡ ಶಾಸನವೊಂದು ಉಳಿದಿದೆ. ಸಂಸ್ಕೃತ ಕಾವ್ಯದ ಕರ್ತೃವನ್ನು ಕನ್ನಡ ನಾಡಿನ ಬಂಡೆಯೊಂದು ಮರಳಿ ದೊರಕಿಸಿಕೊಟ್ಟಿತು. ಬಸದಿಗಳ ಬಳಿಯ ಶಾಸನಗಳನ್ನೂ ನಿಷಿಧಿಗಳನ್ನೂ ರಕ್ಷಿಸುವುದು ಏಕೆ ಶ್ರುತಸೇವೆಯ ಒಂದು ಭಾಗ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವಡ್ಡಾರಾಧನೆಗೆ ದೊರೆತ ಬೆಳಕು

ಕನ್ನಡಿಗರು ಉಪಾಧ್ಯೆಯವರಿಗೆ ವಿಶೇಷವಾಗಿ ಋಣಿಗಳಾಗಿರಬೇಕಾದದ್ದು ೧೯೪೩ರಲ್ಲಿ ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾದ ಹರಿಷೇಣನ ಬೃಹತ್ಕಥಾಕೋಶಕ್ಕಾಗಿ. ಹತ್ತನೆಯ ಶತಮಾನದಲ್ಲಿ ರಚಿತವಾದ ೧೫೭ ಕಥೆಗಳ ಈ ಸಂಸ್ಕೃತ ಗ್ರಂಥಕ್ಕೆ ಬರೆದ ಪ್ರಸ್ತಾವನೆಯಲ್ಲಿ ಅವರು ಆರಾಧನಾ ಕಥೆಗಳ ಇಡೀ ವಂಶವೃಕ್ಷವನ್ನೇ ಬಿಡಿಸಿಟ್ಟರು. ಕನ್ನಡದ ಅತ್ಯಂತ ಪ್ರಾಚೀನ ಗದ್ಯಗ್ರಂಥಗಳಲ್ಲಿ ಒಂದಾದ ವಡ್ಡಾರಾಧನೆಯು ಆ ವೃಕ್ಷದ ಒಂದು ಹಿರಿಯ ಕೊಂಬೆ.

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳನ್ನು ಬಿಡಿಯಾಗಿ ಓದಿದವರಿಗೆ ಒಂದು ಸಂದೇಹ ಬರುವುದು ಸಹಜ. ಸುಕುಮಾರಸ್ವಾಮಿಯ ದೇಹವನ್ನು ನರಿ ತಿನ್ನುತ್ತದೆ. ಸುಕೌಶಳಸ್ವಾಮಿಯನ್ನು ಹೆಣ್ಣುಹುಲಿಯು ಕೊಲ್ಲುತ್ತದೆ. ಸನತ್ಕುಮಾರ ಚಕ್ರವರ್ತಿಯು ರೋಗಗಳನ್ನು ಸಹಿಸುತ್ತಾನೆ. ಭದ್ರಬಾಹು ಭಟಾರರು ಹಸಿವನ್ನು ಗೆಲ್ಲುತ್ತಾರೆ. ಇಷ್ಟೊಂದು ವೇದನೆಯ ಕಥೆಗಳನ್ನು ಒಂದೆಡೆ ಕೂಡಿಸಿದ್ದೇಕೆ? ಉತ್ತರವು ಪ್ರತಿ ಕಥೆಯ ತಲೆಯಲ್ಲಿಯೇ ಇದೆ. ಅಲ್ಲಿ ಒಂದೊಂದು ಪ್ರಾಕೃತ ಗಾಥೆಯಿದೆ. ಆ ಹತ್ತೊಂಬತ್ತು ಗಾಥೆಗಳು ಶಿವಾರ್ಯರ ಭಗವತೀ ಆರಾಧನೆಯಲ್ಲಿ ಒಂದರ ಬೆನ್ನಿಗೊಂದರಂತೆ ಬರುತ್ತವೆ. ಅವು ಬರುವ ಪ್ರಕರಣದ ಹೆಸರು ಕವಚ. ಸಲ್ಲೇಖನವನ್ನು ಕೈಕೊಂಡು ಮಲಗಿರುವ ಕ್ಷಪಕನಿಗೆ ಹಸಿವು, ನೀರಡಿಕೆ, ನೋವುಗಳಿಂದ ಧೈರ್ಯ ಕುಗ್ಗಿದಾಗ, ಪಕ್ಕದಲ್ಲಿರುವ ನಿರ್ಯಾಪಕಾಚಾರ್ಯರು ಹಿಂದಿನ ಮಹಾಪುರುಷರು ಇದಕ್ಕಿಂತ ಕಠಿನವಾದುದನ್ನು ಸಮತೆಯಿಂದ ಸಹಿಸಿದರೆಂದು ನೆನಪಿಸುತ್ತಾರೆ. ಆ ನೆನಪೇ ಅವನಿಗೆ ಕವಚ. ರಣಭೂಮಿಯಲ್ಲಿ ಯೋಧನಿಗೆ ಲೋಹದ ಕವಚ ಹೇಗೋ, ಅಂತ್ಯಕಾಲದಲ್ಲಿ ಸಾಧಕನಿಗೆ ಈ ಕಥೆಗಳು ಹಾಗೆ.

ಈ ಹಿನ್ನೆಲೆ ತಿಳಿದೊಡನೆ ಕಥೆಗಳ ಅರ್ಥವೇ ಮಾರ್ಪಡುತ್ತದೆ. ಕ್ರೂರವೆಂದು ತೋರಿದ್ದು ಕರುಣೆಯಾಗುತ್ತದೆ. ಕಥಾಸಂಗ್ರಹವೆಂದು ಎಣಿಸಿದ್ದು ಸಾವಿನ ಹಾಸಿಗೆಯ ಬಳಿ ಆಡಿದ ಸಾಂತ್ವನದ ಮಾತಾಗುತ್ತದೆ. ಶಾಸ್ತ್ರವನ್ನು ಅದರ ಸಂದರ್ಭದಲ್ಲಿಟ್ಟು ಓದಿದರೆ ಶ್ರದ್ಧೆ ಸಡಿಲವಾಗುತ್ತದೆಂದು ಹೆದರುವವರು ಈ ಒಂದು ಉದಾಹರಣೆಯನ್ನು ಮನನ ಮಾಡಬೇಕು. ಇಲ್ಲಿ ಶ್ರದ್ಧೆಯು ಸಡಿಲವಾಗಲಿಲ್ಲ. ಅದಕ್ಕೆ ಬೇರು ದೊರೆಯಿತು. ಮುಂದೆ ಪುಣ್ಯಾಸ್ರವ ಕಥಾಕೋಶದಲ್ಲಿ ಬರುವ ಭ್ರಾಜಿಷ್ಣುವಿನ ಆರಾಧನಾ ಕರ್ಣಾಟ ಟೀಕೆಯ ಉಲ್ಲೇಖವು ವಿದ್ವಾಂಸರ ಗಮನ ಸೆಳೆದು, ವಡ್ಡಾರಾಧನೆಯ ಕರ್ತೃ ಶಿವಕೋಟ್ಯಾಚಾರ್ಯರೋ ಅಲ್ಲವೋ ಎಂಬ ಚರ್ಚೆಗೂ ಹೊಸ ದಿಕ್ಕು ಬಂದಿತು.

ಮರೆತ ಸಂಘದ ಸ್ಮರಣೆ

ಉಪಾಧ್ಯೆಯವರ ಮನಸ್ಸನ್ನು ಯೌವನದಿಂದ ವೃದ್ಧಾಪ್ಯದವರೆಗೂ ಕಾಡಿದ ವಿಷಯ ಯಾಪನೀಯ ಸಂಘ. ೧೯೩೩ರಲ್ಲಿ ಅದನ್ನು ಕುರಿತು ಲೇಖನ ಬರೆದರು. ನಾಲ್ಕು ದಶಕಗಳ ಬಳಿಕ, ೧೯೭೪ರಲ್ಲಿ, ಮತ್ತಷ್ಟು ಆಧಾರಗಳೊಡನೆ ಅದೇ ವಿಷಯಕ್ಕೆ ಮರಳಿದರು. ಅವರ ಹುಟ್ಟುಜಿಲ್ಲೆಯದೇ ಆದ ಹಲಸಿ, ಅಂದರೆ ಪ್ರಾಚೀನ ಪಲಾಶಿಕೆಯ ಕದಂಬ ತಾಮ್ರಶಾಸನಗಳಲ್ಲಿ ನಿರ್ಗ್ರಂಥ, ಕೂರ್ಚಕರೊಡನೆ ಯಾಪನೀಯರಿಗೂ ದಾನಕೊಟ್ಟ ಉಲ್ಲೇಖವಿದೆ. ಈ ಮುನಿಗಳು ದಿಗಂಬರರಂತೆ ನಗ್ನರಾಗಿದ್ದು ನವಿಲುಗರಿಯ ಪಿಂಛಿಯನ್ನು ಹಿಡಿಯುತ್ತಿದ್ದರು. ಸ್ತ್ರೀಮುಕ್ತಿ ಮತ್ತು ಕೇವಲಿಭುಕ್ತಿಗಳ ವಿಚಾರದಲ್ಲಿ ಶ್ವೇತಾಂಬರರಂತೆ ನಂಬುತ್ತಿದ್ದರು. ಅಮೋಘವರ್ಷನ ಕಾಲದ ಮಹಾವೈಯಾಕರಣ ಶಾಕಟಾಯನ ಪಾಲ್ಯಕೀರ್ತಿಗಳು ಈ ಸಂಘಕ್ಕೆ ಸೇರಿದವರು. ಭಗವತೀ ಆರಾಧನೆಯೂ ಈ ಪರಂಪರೆಗೆ ಹತ್ತಿರದ್ದೆಂದು ಪಂಡಿತ ನಾಥೂರಾಮ ಪ್ರೇಮಿಯವರು ವಾದಿಸಿದ್ದರು. ಸುಮಾರು ಸಾವಿರ ವರ್ಷ ಉತ್ತರ ಕರ್ನಾಟಕದಲ್ಲಿ ಬಾಳಿದ ಈ ಸಂಘವು ಮೆಲ್ಲನೆ ಕಣ್ಮರೆಯಾಯಿತು. ಅವರ ಬಸದಿಗಳೂ ಗ್ರಂಥಗಳೂ ದಿಗಂಬರ ಸಮಾಜದಲ್ಲಿ ಬೆರೆತುಹೋದವು.

ಇಂದು ಒಂದು ಸಂಪ್ರದಾಯದವರು ತಮ್ಮದೆಂದು ಪೂಜಿಸುವ ಗ್ರಂಥದ ಹಿಂದೆ ಮತ್ತೊಂದು ಸಂಘದ ತಪಸ್ಸಿರಬಹುದು ಎಂಬ ಮಾತು ಕೆಲವರಿಗೆ ಕಹಿಯಾಗಿ ಕಾಣಬಹುದು. ಆದರೆ ಉಪಾಧ್ಯೆಯವರು ಅದನ್ನು ಒಡಕಿನ ಮಾತಾಗಿ ಹೇಳಲಿಲ್ಲ. ಜೈನ ಸಂಘಗಳ ನಡುವಿನ ಗೋಡೆಗಳು ಹಿಂದೆ ಈಗಿನಷ್ಟು ಎತ್ತರವಾಗಿರಲಿಲ್ಲ, ನಡುವೆ ನಿಂತು ಎರಡೂ ಕಡೆಗೆ ಕೈಚಾಚಿದವರು ಕನ್ನಡ ನೆಲದಲ್ಲಿದ್ದರು ಎಂಬುದನ್ನು ಅದು ತಿಳಿಸುತ್ತದೆ. ಸ್ವತಃ ಅವರ ಲೇಖನಿಯೂ ಭೇದವನ್ನು ಅರಿಯದು. ಶ್ವೇತಾಂಬರ ಆಚಾರ್ಯ ಉದ್ಯೋತನಸೂರಿಗಳು ೭೭೯ರಲ್ಲಿ ಜಾಲೋರಿನಲ್ಲಿ ಮುಗಿಸಿದ ಕುವಲಯಮಾಲೆಯನ್ನು ಅವರು ವರ್ಷಗಟ್ಟಲೆ ಶ್ರಮಿಸಿ ಎರಡು ಭಾಗಗಳಲ್ಲಿ, ೧೯೫೯ ಮತ್ತು ೧೯೭೦ರಲ್ಲಿ, ಹೊರತಂದರು. ನಾನಾ ದೇಶದ ವರ್ತಕರು ತಂತಮ್ಮ ನುಡಿಯಾಡುವ ಸಂತೆಯ ಚಿತ್ರ ಅದರಲ್ಲಿದೆ, ಕರ್ಣಾಟಕದವರೂ ಅಲ್ಲಿದ್ದಾರೆ. ಜೈನರದಲ್ಲದ ಲೀಲಾವತಿ, ಕೇರಳದ ರಾಮಪಾಣಿವಾದನ ಕಂಸವಹೋ ಮುಂತಾದ ಪ್ರಾಕೃತ ಕಾವ್ಯಗಳಿಗೂ ಅವರು ಅದೇ ಶ್ರದ್ಧೆಯನ್ನು ಸಲ್ಲಿಸಿದರು. ಯತಿವೃಷಭರ ತಿಲೋಯಪಣ್ಣತ್ತಿ, ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷೆ ಮೊದಲಾದುವು ಅವರ ಇತರ ಸಂಪಾದನೆಗಳು.

ಗೌರವಗಳು ಮತ್ತು ಅಂತಿಮ ದಿನಗಳು

ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ ೧೯೬೬ರ ಅಲೀಗಢ ಅಧಿವೇಶನಕ್ಕೆ ಉಪಾಧ್ಯೆಯವರು ಅಧ್ಯಕ್ಷರಾದರು. ೧೯೬೭ರಲ್ಲಿ ಶ್ರೀ ಗೊಮ್ಮಟೇಶ್ವರನ ಸನ್ನಿಧಿಯಾದ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವು ಅವರಿಗೆ ಸಂದಿತು. ಜೀವನದ ಬಹುಭಾಗವನ್ನು ಕೊಲ್ಹಾಪುರದಲ್ಲಿ ಕಳೆದ, ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆದ ವಿದ್ವಾಂಸರನ್ನು ಕನ್ನಡಿಗರು ತಮ್ಮವರೆಂದು ಅಪ್ಪಿಕೊಂಡ ಸಂದರ್ಭವದು. ೧೯೭೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಜೈನಶಾಸ್ತ್ರ ಮತ್ತು ಪ್ರಾಕೃತಗಳ ಅಧ್ಯಯನಕ್ಕೆ ಅವರನ್ನು ಪ್ರಥಮ ಪ್ರಾಧ್ಯಾಪಕರಾಗಿ ಆಹ್ವಾನಿಸಿತು. ಅರವತ್ತೈದರ ವಯಸ್ಸಿನಲ್ಲಿ ಮಾನಸಗಂಗೋತ್ರಿಗೆ ಬಂದು ಹೊಸದಾಗಿ ವಿದ್ಯಾರ್ಥಿಗಳನ್ನು ತಿದ್ದಲು ತೊಡಗಿದರು. ಭಗವಾನ್ ಮಹಾವೀರರ ೨೫೦೦ನೆಯ ನಿರ್ವಾಣ ಮಹೋತ್ಸವವನ್ನು ದೇಶವೆಲ್ಲ ಆಚರಿಸುತ್ತಿದ್ದ ವರ್ಷದಲ್ಲಿಯೇ, ೧೯೭೫ರ ಅಕ್ಟೋಬರ್ ೮ರಂದು, ಕೊಲ್ಹಾಪುರದಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ಅವರು ಬಾಳೆಲ್ಲ ದುಡಿದ ಪ್ರಾಕೃತ ಭಾಷೆಗೆ ೨೦೨೪ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಶಾಸ್ತ್ರೀಯ ಭಾಷೆಯ ಸ್ಥಾನವನ್ನು ನೀಡಿತು. ಸ್ಥಾನಮಾನವು ದೊರೆತಿದೆ, ಓದುವವರು ಬೇಕಾಗಿದ್ದಾರೆ. ನಾಡಿನ ಹಲವು ಸೀಮೆಗಳಿಂದ ಬಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ನೆಲೆಸಿರುವ ಶ್ರಾವಕ ಕುಟುಂಬಗಳಲ್ಲಿ ಬೇರೆ ಬೇರೆ ಊರಿನ ಆಚಾರಗಳಿವೆ, ಮಾತಿನ ಧಾಟಿಗಳಿವೆ; ಒಂದೇ ಗಾಥೆಗೆ ಒಂದೊಂದು ಮನೆಯಲ್ಲಿ ಒಂದೊಂದು ಅರ್ಥವಿರುವುದೂ ಉಂಟು. ಅಂತಹ ಸಂದರ್ಭದಲ್ಲಿ ಯಾರ ಅರ್ಥ ದೊಡ್ಡದು ಎಂದು ವಾದಿಸುವುದಕ್ಕಿಂತ, ಮೂಲದಲ್ಲಿ ಏನಿದೆ, ಅದನ್ನು ಯಾರು, ಯಾರಿಗೆ, ಯಾವಾಗ ಹೇಳಿದರು ಎಂದು ಕೂಡಿ ನೋಡುವುದು ಉಪಾಧ್ಯೆಯವರು ತೋರಿದ ದಾರಿ. ನೂತನ ಬಸದಿಯಲ್ಲಿ ಜಿನಬಿಂಬದ ಜೊತೆಗೆ ಒಂದು ಶಾಸ್ತ್ರಭಂಡಾರವೂ ಬೆಳೆಯಲಿ. ಶ್ರುತಪಂಚಮಿಯ ದಿನ ಗ್ರಂಥಗಳಿಗೆ ಅರ್ಘ್ಯವನ್ನೆತ್ತಿದ ಕೈಗಳೇ ಅವನ್ನು ಬಿಚ್ಚಿ ಓದಲಿ. ಮಕ್ಕಳು ಣಮೋಕಾರ ಮಂತ್ರದ ಪ್ರಾಕೃತವು ಯಾವ ನಾಡಿನ ಯಾವ ಕಾಲದ ನುಡಿಯೆಂದು ಕೇಳಿದಾಗ ಹಿರಿಯರು ಉತ್ತರ ಹೇಳಬಲ್ಲವರಾಗಲಿ. ಆ ಶ್ರುತಸೇವಕರ ಆತ್ಮಕ್ಕೆ ಸಲ್ಲುವ ನಿಜವಾದ ಶ್ರದ್ಧಾಂಜಲಿ ಅದೇ.

ಜೈನಂ ಜಯತು ಶಾಸನಂ.